ಅಟ್ಟದ ಮೇಲಿನ ಆನೆ ಪಟಾಕಿ

ನಮ್ಮ ಮನೆಯಲ್ಲಿ ಒಲೆಯ ಮೇಲೆ ಒಂದು ಅಟ್ಟವಿದೆ. ಬಿದಿರಿನ ದಬ್ಬೆಗಳನ್ನು ಹಗ್ಗದಲ್ಲಿ ಬಿಗಿದು ತೊಲೆಗೆ ಇಳಿಬಿಟ್ಟದ್ದು. ಮಳೆಗಾಲ ಹಿಡಿಯಿತೆಂದರೆ ಅರ್ಧ ಸಂಸಾರ ಅದರ ಮೇಲೆ ಹತ್ತಿ ಕೂರುತ್ತದೆ. ಕರಿಮೆಣಸು, ಹಲಸಿನ ಹಪ್ಪಳ, ಬೆಂಕಿಪೊಟ್ಟಣ, ಮಗಳ ಸ್ಕೂಲ್ ಸಾಕ್ಸು, ಗಂಡನ ಚಪ್ಪಲಿ, ಏನಿದೆ ಏನಿಲ್ಲ. ಕೊಡಗಿನ ಮಳೆಯಲ್ಲಿ ಏನಾದರೂ ಒಣಗಬೇಕೆಂದರೆ ಬೇರೆ ದಾರಿಯೇ ಇಲ್ಲ. ಸುಂಟಿಕೊಪ್ಪದಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿದೆ. ಮಳೆಗಾಲದಲ್ಲಿ ನಾನು ಹೊಲಿದ ರವಿಕೆಗಳಿಗೆಲ್ಲ ಹೊಗೆ ವಾಸನೆ ಎಂದು ಗಿರಾಕಿಗಳು ಮೂಗು ಮುರಿಯುತ್ತಾರೆ. ಮುರಿಯಲಿ. ಬೂಷ್ಟು ಹಿಡಿದ ರವಿಕೆಗಿಂತ ಹೊಗೆ ಹಿಡಿದದ್ದು ವಾಸಿ.

ಆ ಅಟ್ಟದ ಯಜಮಾನಿಕೆ ನನ್ನ ಅತ್ತೆಯದು. ಯಾವುದು ಯಾವ ಮೂಲೆಯಲ್ಲಿರಬೇಕು, ಯಾವುದನ್ನು ಯಾವಾಗ ಮಗುಚಬೇಕು ಎಲ್ಲ ಅವರದೇ ತೀರ್ಮಾನ. ನಾನು ಸೊಸೆಯಾಗಿ ಬರುವ ಮೊದಲೇ ಮಾವನನ್ನು ಗದ್ದೆಯಲ್ಲಿ ಆನೆ ಕೊಂದಿತ್ತು. ಆ ವಿಚಾರ ಅತ್ತೆ ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಉಳಿದಂತೆ ಅವರು ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಮಾತಾಡುವವರೇ.

ಮದುವೆಯಾದ ಮೊದಲ ಮಳೆಗಾಲದಲ್ಲಿ ಹಪ್ಪಳ ತೆಗೆಯಲು ಸ್ಟೂಲ್ ಹತ್ತಿದವಳು ಮೂಲೆಯಲ್ಲಿದ್ದ ಗೋಣಿಚೀಲಕ್ಕೆ ಕೈಹಾಕಿದೆ. ಒಳಗೆ ಸೆಣಬಿನ ದಾರ ಸುತ್ತಿದ ಉಂಡೆಗಳು, ಕಿತ್ತಳೆ ಹಣ್ಣಿನಷ್ಟು ದಪ್ಪ, ಒಂದೊಂದಕ್ಕೂ ಬತ್ತಿ.

"ಅತ್ತೆ, ಇದೇನು?"

"ಆನೆ ಪಟಾಕಿ ಕಣೆ. ಬೀಳಿಸ್ಬೇಡ."

ಬೀಳಿಸುವುದೆಲ್ಲಿ ಬಂತು, ನಾನೇ ಬೀಳುವುದರಲ್ಲಿದ್ದೆ. ಕೆಳಗೆ ಒಲೆ ಧಗಧಗ ಉರಿಯುತ್ತಿದೆ, ಅದರ ಮೇಲೆ ಅನ್ನ ಕುದಿಯುತ್ತಿದೆ, ಅದರ ನೆತ್ತಿಯ ಮೇಲೆ ಒಂದು ಚೀಲ ಸಿಡಿಮದ್ದು! ಇಳಿದು ಬಂದು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅತ್ತೆ ಸೌದೆ ಸರಿಸುತ್ತಾ ಅಂದರು, "ಒಲೆ ಎಲ್ಲದೆ, ಅಟ್ಟ ಎಲ್ಲದೆ? ನೀನು ಬರೋಕ್ ಮುಂಚೆಯಿಂದ್ಲೂ ಅಲ್ಲೇ ಅದೆ. ನಾವೆಲ್ಲ ಬದ್ಕಿಲ್ವ?"

ಆ ಪಟಾಕಿ ಮಾಡಿಕೊಡುತ್ತಿದ್ದವನು ಪಕ್ಕದ ಊರಿನ ಮುದುಕ. ದೇವರ ಹಬ್ಬಗಳಿಗೆ ಮದ್ದು ಕಟ್ಟುವವನು. ಅವನ ಲೈಸೆನ್ಸು ಯಾವ ಕಾಲದಲ್ಲೋ ಮುಗಿದಿತ್ತು, ಅವನೂ ಆಮೇಲೆ ಮುಗಿದ. ಗದ್ದೆಗೆ, ಬಾಳೆಗೆ ಆನೆ ಇಳಿದಾಗ ಅತ್ತೆ ಅಂಗಳದ ತುದಿಯಲ್ಲಿ ನಿಂತು ಒಂದನ್ನು ಹಚ್ಚಿ ಎಸೆಯುತ್ತಿದ್ದರು. ಅವರ ಕೈಯಿಂದ ಹೋದದ್ದು ಒಂದೂ ಠುಸ್ ಎಂದದ್ದನ್ನು ನಾನು ಕಂಡಿಲ್ಲ. ಕ್ರಮೇಣ ನನಗೂ ಅಭ್ಯಾಸವಾಗಿ, ಹಪ್ಪಳ ತೆಗೆಯುವಾಗ ಚೀಲವನ್ನು ಪಕ್ಕಕ್ಕೆ ತಳ್ಳುವಷ್ಟು ಧೈರ್ಯ ಬಂತು.

ಹೀಗೇ ವರ್ಷಗಳು ಕಳೆದ ಮೇಲೆ ಒಂದು ಆಷಾಢದಲ್ಲಿ ಯಾರೋ ಅಯೋಗ್ಯರು ಕಾಡುಹಂದಿ ಹೊಡೆಯಲು ತಿಂಡಿಯೊಳಗೆ ಸಿಡಿಮದ್ದು ಅಡಗಿಸಿಟ್ಟಿದ್ದರು. ಅದನ್ನು ಮೇಯುತ್ತಿದ್ದ ಹಸುವೊಂದು ಕಚ್ಚಿತು. ಪಾಪ, ಅದರ ಬಾಯಿ ನೋಡಲಾಗುತ್ತಿರಲಿಲ್ಲ. ಪೊಲೀಸರು ಮನೆಮನೆಗೆ ಬಂದು ವಿಚಾರಿಸತೊಡಗಿದರು. ನಮ್ಮ ಮನೆಗೆ ಬಂದದ್ದು ಒಬ್ಬ ಎಳೆಯ ಸಬ್ ಇನ್ಸ್‌ಪೆಕ್ಟರ್, ಜೊತೆಗೊಬ್ಬ ಕಾನ್ಸ್‌ಟೇಬಲ್. ಇಬ್ಬರೂ ತೊಪ್ಪೆಯಾಗಿ ನೆನೆದಿದ್ದರು. ಒಳಗೆ ಹುಡುಕುವ ಉದ್ದೇಶ ಅವರಿಗಿದ್ದಂತೆ ನನಗೆ ಕಾಣಲಿಲ್ಲ. ಜಗಲಿಯಲ್ಲೇ ನಿಂತು, "ಹಂದಿ ಹೊಡಿಯೋರು ಯಾರಾದ್ರೂ ಗೊತ್ತಾ ಅಜ್ಜಿ?" ಎಂದು ಕೇಳಿ ಹೊರಡುವುದರಲ್ಲಿದ್ದರು.

ಅತ್ತೆ ಬಿಡಬೇಕಲ್ಲ! "ಅಯ್ಯೋ ಮಗಾ, ಹಿಂಗೇ ಹೋದ್ರೆ ಜ್ವರ ಬತ್ತದೆ. ಬನ್ನಿ ಒಳಕ್ಕೆ, ಒಲೆ ಮುಂದೆ ಕೂತು ಒಂದ್ ಲೋಟ ಕಾಫಿ ಕುಡ್ಕೊಂಡ್ ಹೋಗಿ."

ಇಬ್ಬರೂ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತರು. ನಾನು ಅತ್ತೆಗೆ ಕಣ್ಸನ್ನೆ ಮಾಡಿದೆ, ಕೆಮ್ಮಿದೆ, ಕಾಲು ತುಳಿದೆ. "ಯಾಕೆ ಕಾಲ್ ತುಳೀತೀಯೆ?" ಎಂದು ಎಲ್ಲರ ಎದುರಿಗೇ ಕೇಳಿದರು. ಆಮೇಲೆ ಕಾನ್ಸ್‌ಟೇಬಲ್ ಕಡೆ ತಿರುಗಿ, "ಆ ಟೋಪಿ ಯಾಕೆ ಒದ್ದೇದು ಹಾಕ್ಕೊಂಡಿದ್ದೀಯಪ್ಪ? ಅಟ್ಟದ್ ಮೇಲಿಡು. ಕಾಫಿ ಕುಡಿಯೋ ಅಷ್ಟ್ರಲ್ಲಿ ಗರಿಗರಿ ಆಯ್ತದೆ" ಅಂದರು.

ಅವನು ಎದ್ದು ಕೈ ಚಾಚಿದ. ಟೋಪಿಗೆ ಜಾಗ ಸಿಗಲಿಲ್ಲ. ಚೀಲದ ಬಾಯಿ ಬಿಚ್ಚಿಕೊಂಡಿತು.

"ಅಜ್ಜಿ... ಇದೇನಿದು?"

"ಆನೆ ಪಟಾಕಿ. ಆ ಕಡೆ ಸರ್ಸಿ ಟೋಪಿ ಇಡಪ್ಪ."

ಸಬ್ ಇನ್ಸ್‌ಪೆಕ್ಟರ್ ತಲೆಯೆತ್ತಿ ಅಟ್ಟ ನೋಡಿದ, ತಲೆತಗ್ಗಿಸಿ ಒಲೆ ನೋಡಿದ. ಆಮೇಲೆ ನಾನು ಕಂಡದ್ದು ಅವನ ಬೆನ್ನು ಮಾತ್ರ. ಹಿತ್ತಿಲ ಬಾಗಿಲಿನಿಂದ ಹಾರಿ, ಸುರಿಯುವ ಮಳೆಯಲ್ಲಿ ಕೊಟ್ಟಿಗೆಯ ಆಚೆ ಹೋಗಿ ನಿಂತ. ಕೈಯಲ್ಲಿ ಕಾಫಿ ಲೋಟ ಹಾಗೇ ಇತ್ತು. "ಎಲ್ರೂ ಹೊರಗ್ ಬನ್ನಿ! ಒಲೆ ಆರ್ಸಿ!" ಎಂದು ಅಲ್ಲಿಂದಲೇ ಕೂಗಿದ. ಅತ್ತೆ ಬಾಗಿಲಲ್ಲಿ ನಿಂತು, "ಒಲೆ ಆರ್ಸಿದ್ರೆ ಇವನ್ ಟೋಪಿ ಒಣಗದ್ ಹೆಂಗೋ?" ಎಂದು ತಿರುಗಿ ಕೂಗಿದರು. ನನಗೆ ನಗು ಬಂತು, ಆದರೆ ಬಾಂಬ್ ನಿಷ್ಕ್ರಿಯ ದಳದವರ ಜೀಪು ಅಂಗಳಕ್ಕೆ ಬಂದು ನಿಂತಾಗ ನಗು ನಿಂತಿತು.

ಸಿಡಿಮದ್ದು ಅಕ್ರಮವಾಗಿ ಇಟ್ಟುಕೊಂಡ ಆರೋಪದ ಮೇಲೆ ಅತ್ತೆಯನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ಜಾಮೀನೇನೋ ಸಿಕ್ಕಿತು. ಆದರೆ ಜಿಲ್ಲಾಧಿಕಾರಿಗಳ ಒಪ್ಪಿಗೆ ಬಂದು, ಸ್ಫೋಟಕ ವಸ್ತುಗಳ ಕಾಯ್ದೆಯ ಕೆಳಗೆ ಕೇಸು ಮಡಿಕೇರಿಯ ಸೆಷನ್ಸ್ ಕೋರ್ಟಿಗೆ ಹತ್ತಿತು. ನಾವು ಇದನ್ನು ಏನೋ ದಂಡ ಕಟ್ಟಿ ಬರುವ ವ್ಯವಹಾರ ಅಂದುಕೊಂಡಿದ್ದೆವು. ವಕೀಲರು ಕನ್ನಡಕ ತೆಗೆದಿಟ್ಟು ಹೇಳಿದರು: "ಶಿಕ್ಷೆ ಆದ್ರೆ ವರ್ಷಗಟ್ಟಲೆ ಒಳಗಿರಬೇಕಾಗುತ್ತೆ. ತಮಾಷೆ ಅಲ್ಲ." ನನ್ನ ಗಂಡ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅತ್ತೆಗೆ ಅರವತ್ತು ದಾಟಿತ್ತು. ಒಳಗೆ ಹೋದರೆ ಅವರು ತಿರುಗಿ ಬರುವುದಿಲ್ಲ ಅನ್ನಿಸಿತು.

"ಆನೆ ಓಡ್ಸೋಕೆ ಇಟ್ಕೊಂಡಿದ್ದು ಅಂತ ಹೇಳಿದ್ರೆ ಆಗಲ್ವಾ ಸಾರ್?" ಎಂದೆ.

"ಹೇಳ್ಬಹುದು. ಕಾನೂನು ಬಾಹಿರ ಉದ್ದೇಶ ಇರ್ಲಿಲ್ಲ ಅಂತ ತೋರಿಸಿದ್ರೆ ಬಿಡ್ತಾರೆ. ಆದ್ರೆ ಹಂಗಂದ್ರೆ ಇಟ್ಕೊಂಡಿದ್ದು ನಿಜ, ಅದು ಸಿಡಿಯೋದೂ ನಿಜ ಅಂತ ನಾವೇ ಒಪ್ಕೊಂಡ ಹಾಗೆ. ಬಿಲ್ಲಿಲ್ಲ, ಲೈಸೆನ್ಸಿಲ್ಲ. ಹಸು ಕೇಸು ಬೇರೆ ಪಕ್ಕದಲ್ಲೇ ಇದೆ. ಜಡ್ಜು ನಂಬದೆ ಹೋದ್ರೆ?" ಎಂದು ಅವರು ಲ್ಯಾಬಿನ ವರದಿ ತೆಗೆದರು. ಮಾದರಿ ತೇವಗೊಂಡಿತ್ತು ಎಂದು ಅದರಲ್ಲಿ ಬರೆದಿದ್ದರು. ವಕೀಲರಿಗೆ ಅದೊಂದೇ ಹುಲ್ಲುಕಡ್ಡಿ. "ಥಂಡಿ ಹಿಡಿದಿತ್ತು, ಸಿಡಿಯೋ ಸ್ಥಿತೀಲಿರಲಿಲ್ಲ ಅಂತ ವಾದ ಮಾಡ್ತೀನಿ. ಸಿಡೀದೇ ಇರೋದು ಸ್ಫೋಟಕ ಹೇಗಾಗುತ್ತೆ? ಅಮ್ಮಾ, ಜಡ್ಜು ಕೇಳಿದಾಗ 'ಹೌದು ಸ್ವಾಮಿ, ಥಂಡಿ ಹಿಡಿದಿತ್ತು' ಅನ್ನಿ. ಮತ್ತೊಂದು ಮಾತು ಬೇಡ."

ಅತ್ತೆ ಮುಖ ಸಿಂಡರಿಸಿಕೊಂಡರು. "ಅಟ್ಟದ ಮೇಲಿಟ್ಟಿದ್ದು ಥಂಡಿ ಹಿಡೀತದಾ?"

"ಹಿಡಿದಿತ್ತು ಅಂತ ಅನ್ನಿ ಅತ್ತೆ, ನಿಮ್ಮ ಗಂಟೇನು ಹೋಗುತ್ತೆ!" ಎಂದು ನಾನು ರೇಗಿದೆ.

ಅಲ್ಲಿಂದ ಶುರುವಾಯಿತು ನನ್ನ ಪಾಡು. ದಿನಾ ರೊಟ್ಟಿ ತಟ್ಟುವಾಗ ನಾನು ಜಡ್ಜ್ ಆಗಿ ಕೇಳುವುದು, ಅವರು ಆರೋಪಿಯಾಗಿ ಉತ್ತರಿಸುವುದು. "ನಿಮ್ಮ ಪಟಾಕಿ ಥಂಡಿ ಹಿಡಿದಿತ್ತಾ?" "ಪೊಲೀಸ್ರು ಮಳೇಲಿ ಎತ್ಕೊಂಡೋಗಿ ಹಿಡಿಸಿದ್ರು." "ಅಷ್ಟುದ್ದ ಬೇಡ. ಹೌದು ಸ್ವಾಮಿ ಅನ್ನಿ." "ಹೌದು ಸ್ವಾಮಿ" ಎಂದು ಹೇಳಿ, ಬಾಯಲ್ಲಿ ಹುಳು ಸಿಕ್ಕಿದವರ ಹಾಗೆ ಹಿತ್ತಿಲಿಗೆ ಹೋಗಿ ಉಗಿದು ಬರುತ್ತಿದ್ದರು. ನನಗೆ ಎಷ್ಟು ಕೋಪ ಬರುತ್ತಿತ್ತೆಂದರೆ, ರೊಟ್ಟಿಗಳು ಹಲಗೆಯಂತಾಗುತ್ತಿದ್ದವು. ಜೈಲಿಗೆ ಹೋಗುವ ಹೊತ್ತಿನಲ್ಲೂ ಅಟ್ಟದ ಮರ್ಯಾದೆಯೇ ಈಕೆಗೆ ಹೆಚ್ಚಾಯಿತಲ್ಲ!

ವಿಚಾರಣೆಯಲ್ಲಿ ಮೊದಲು ಸಬ್ ಇನ್ಸ್‌ಪೆಕ್ಟರ್ ಕಟಕಟೆ ಹತ್ತಿದ. ನಮ್ಮ ವಕೀಲರು ಕೇಳಿದರು, "ಚೀಲ ನೋಡಿದ ಕೂಡಲೇ ನೀವು ಓಡಿಹೋದಿರಿ ಅಲ್ಲವೇ?"

"ಇಲ್ಲ. ಸ್ಥಳವನ್ನು ಹೊರಗಿನಿಂದ ಪರಿಶೀಲಿಸಲು ಹೊರಬಂದೆ."

"ಕಾಫಿ ಲೋಟದ ಸಮೇತ?"

ಜಡ್ಜ್ ಸಾಹೇಬರು ಬಾಯಿಗೆ ಕರವಸ್ತ್ರ ಹಿಡಿದರು. ಆಮೇಲೆ ಜಪ್ತಿ ಮಾಡುವಾಗ ಚೀಲ ಮುಟ್ಟಿದರೆ ತೇವವಾಗಿತ್ತು ಎಂದೂ ಅವನ ಬಾಯಿಂದ ಬಂತು. ನಮ್ಮ ವಕೀಲರು ತಿರುಗಿ ನನ್ನತ್ತ ನೋಡಿ ಹುಬ್ಬು ಹಾರಿಸಿದರು. ದೇವರೇ, ಗೆದ್ದೆವು ಅಂದುಕೊಂಡೆ.

ಸಾಕ್ಷಿಗಳೆಲ್ಲ ಮುಗಿದ ಮೇಲೆ ಆರೋಪಿಯನ್ನು ಜಡ್ಜೇ ಪ್ರಶ್ನೆ ಕೇಳುವ ದಿನ ಬಂತು. ಅತ್ತೆ ಒಗೆದ ಸೀರೆ ಉಟ್ಟು ಕೈಮುಗಿದು ನಿಂತರು.

"ಪಟಾಕಿ ಥಂಡಿ ಹಿಡಿದಿತ್ತು, ಸಿಡಿಯುವಂತಿರಲಿಲ್ಲ ಅಂತ ನಿಮ್ಮ ವಕೀಲರು ಹೇಳ್ತಾರೆ. ಈ ಬಗ್ಗೆ ಏನು ಹೇಳ್ತೀರಮ್ಮ?"

ಅತ್ತೆ ನನ್ನ ಕಡೆ ನೋಡಿದರು. ನಾನು ಜೋರಾಗಿ ತಲೆಯಾಡಿಸಿದೆ. ಹೌದು ಸ್ವಾಮಿ. ಎರಡೇ ಮಾತು.

"ಸುಳ್ಳು ಸ್ವಾಮಿ" ಅಂದರು ಅತ್ತೆ.

ವಕೀಲರ ಕೈಯಿಂದ ಪೆನ್ನು ಬಿತ್ತು. ತೂಕಡಿಸುತ್ತಿದ್ದ ಸರ್ಕಾರಿ ವಕೀಲರು ನೆಟ್ಟಗೆ ಕೂತರು.

"ಅಂದ್ರೆ ಅದು ಸಿಡೀತಿತ್ತು ಅಂತಲೇ?"

"ಒಂದೊಂದೂ ಸಿಡೀತಿತ್ತು. ನಾನೇ ಒಣಗ್ಸಿದ್ದು."

"ನೀವು ಹೀಗೆ ಹೇಳೋದ್ರಿಂದ ನಿಮಗೇ ತೊಂದರೆ. ಗೊತ್ತಿದ್ದೇ ಹೇಳ್ತಿದ್ದೀರಾ?"

"ಗೊತ್ತದೆ ಸ್ವಾಮಿ. ಇವ್ಳು ದಿನಾ ಹೇಳ್ಕೊಟ್ಟವ್ಳೆ" ಎಂದು ನನ್ನ ಕಡೆ ಬೆರಳು ತೋರಿಸಿದರು. ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಕೋರ್ಟೆಲ್ಲ ನನ್ನನ್ನೇ ನೋಡುತ್ತಿತ್ತು. ಅತ್ತೆ ಮುಂದುವರಿಸಿದರು. "ಆದ್ರೆ ಥಂಡಿ ಹಿಡಿದಿದ್ದು ಅಂತ ನನ್ ಬಾಯಲ್ಲಿ ಬರಕ್ಕಿಲ್ಲ. ನಮ್ ಯಜಮಾನ್ರ ಕೈಲಿದ್ದಿದ್ದು ಥಂಡಿ ಹಿಡಿದಿತ್ತು ಸ್ವಾಮಿ. ಕಡ್ಡಿ ಗೀರಿದ್ರು. ಒಂಚೂರು ಹೊಗೆ ಬಂತು, ಅಷ್ಟೇಯ. ಆನೆ ಎದುರ್ಗೇ ಇತ್ತು. ನಾನು ಗದ್ದೆ ಬದು ಮೇಲೆ ನಿಂತು ನೋಡ್ತಿದ್ದೆ. ಗೋಡೆ ಗೂಡಲ್ಲಿಟ್ಟು ಅದ್ನ ಥಂಡಿ ಮಾಡ್ದೋಳು ನಾನೇ. ಅವತ್ತಿಂದ ಅಟ್ಟದ್ ಮೇಲಿಡ್ತಾ ಇದ್ದೀನಿ. ಜೈಲಿಗ್ ಹಾಕಿ ಬೇಕಾದ್ರೆ. ಥಂಡಿ ಹಿಡಿದಿತ್ತು ಅನ್ನಲ್ಲ."

ಅಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದೆವು. ಈ ಮಾತು ನಾನು ಕೇಳಿದ್ದು ಅಂದೇ. ಪಕ್ಕದಲ್ಲಿದ್ದ ನನ್ನ ಗಂಡನಿಗೂ ಗೊತ್ತಿರಲಿಲ್ಲ. ಅವರು ಚಿಕ್ಕ ಮಗುವಿನ ಹಾಗೆ ಅತ್ತರು. ನನಗೂ ಅಳು ಬಂತು. ಜೊತೆಗೇ ಆ ಹೆಂಗಸಿನ ಮೇಲೆ ಕೆಟ್ಟ ಸಿಟ್ಟೂ ಬಂತು. ಮನೆಯಲ್ಲಿ ಒಮ್ಮೆಯಾದರೂ ಬಾಯಿ ಬಿಟ್ಟಿದ್ದರೆ ಆ 'ಹೌದು ಸ್ವಾಮಿ'ಯನ್ನು ನಾನು ಹೇಳಿಸುತ್ತಿದ್ದೆನೇ?

ನಮ್ಮ ವಕೀಲರು ಬಿದ್ದ ಪೆನ್ನು ಎತ್ತಿಕೊಂಡು, ದಾರಿ ಬದಲಿಸಿದರು. ಮಾವನ ಸಾವಿಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟಿದ್ದ ದಾಖಲೆ ಹಾಜರುಪಡಿಸಿದರು, ಆನೆ ತುಳಿದ ಗದ್ದೆಗಳ ಬಗ್ಗೆ ಅಕ್ಕಪಕ್ಕದವರಿಂದ ಹೇಳಿಸಿದರು. ಮತ್ತೆ ದಿನಾಂಕ, ಮತ್ತೆ ಬಸ್ಸು, ಮತ್ತೆ ಕೋರ್ಟಿನ ಬೆಂಚು. ಅಷ್ಟು ದಿನವೂ ನಾನು ಮುಚ್ಚಿದ ಕಣ್ಣಲ್ಲಿ ಜೈಲಿನ ಬಾಗಿಲನ್ನೇ ಕಾಣುತ್ತಿದ್ದೆ.

ತೀರ್ಪಿನ ದಿನ ಜಡ್ಜ್ ಸಾಹೇಬರು ಇಂಗ್ಲಿಷಿನಲ್ಲಿ ಬರೆದದ್ದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದರು. ಇಟ್ಟುಕೊಂಡದ್ದು ನಿಜ, ಆದರೆ ಕೆಟ್ಟ ಉದ್ದೇಶಕ್ಕಲ್ಲ ಎಂದು ನಂಬಿದ್ದೇವೆ, ದೊಡ್ಡ ಆರೋಪದಿಂದ ಬಿಡುಗಡೆ. ಲೈಸೆನ್ಸ್ ಇಲ್ಲದ್ದಕ್ಕೆ ಸಣ್ಣ ದಂಡ. ನನ್ನ ಗಂಡ ಎರಡೂ ಕೈ ಎತ್ತಿ ಮುಗಿದರು. ನಾನು ಹೋಗಿ ಅತ್ತೆಯ ತೋಳು ಹಿಡಿದು, "ಬನ್ನಿ, ಹೋಗೋಣ" ಅಂದೆ. ಅವರು ಜರುಗಲಿಲ್ಲ.

"ಹಂಗಾದ್ರೆ ನನ್ ಚೀಲ ಕೊಡ್ಸಿ ಸ್ವಾಮಿ."

ಹಿಂದೆ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಜಡ್ಜ್ ಸಾಹೇಬರೂ ನಕ್ಕರು. "ಅದನ್ನ ನಾಶ ಮಾಡೋಕೆ ಆರ್ಡರ್ ಆಗಿದೆಯಮ್ಮ. ಇನ್ಮುಂದೆ ಅಂಥದ್ದು ಮನೇಲಿ ಇಡಬಾರದು. ಇಟ್ಟರೆ ಈ ಸಲದಂತೆ ಬಿಡೋಕಾಗಲ್ಲ. ಆನೆ ಬಂದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ."

"ಮಾಡ್ತೀನಿ ಸ್ವಾಮಿ" ಅಂದರು ಅತ್ತೆ. "ಅವ್ರು ಬರೋಗಂಟ ಆನೆಗೆ ಏನಂತ ಹೇಳ್ಲಿ?"

ಯಾರೂ ನಗಲಿಲ್ಲ. ಜಡ್ಜ್ ಸಾಹೇಬರು ಸರ್ಕಾರಿ ವಕೀಲರನ್ನು ನೋಡಿದರು, ಸರ್ಕಾರಿ ವಕೀಲರು ಸಬ್ ಇನ್ಸ್‌ಪೆಕ್ಟರನ್ನು ನೋಡಿದರು, ಅವನು ಫ್ಯಾನ್ ನೋಡತೊಡಗಿದ. ಅತ್ತೆ ಕೈಮುಗಿದುಕೊಂಡು ಕಾಯುತ್ತಾ ನಿಂತೇ ಇದ್ದರು. ಕೊನೆಗೆ ಗುಮಾಸ್ತರು ಗಂಟಲು ಸರಿಮಾಡಿಕೊಂಡು ಮುಂದಿನ ಕೇಸು ಕೂಗಿದರು.