ನಡುವೆ ಕೂತ ಮೂರು

ಲಿಂಗಸುಗೂರಿನಲ್ಲಿ ಬಸ್ ಹತ್ತಿದಾಗ, ಪಕ್ಕದಲ್ಲಿದ್ದ ಕಾಲೇಜು ಹುಡುಗಿ ತೊಡೆಯ ಮೇಲೆ ಚಾರ್ಟ್ ಬಿಚ್ಚಿಕೊಂಡಿದ್ದಳು. ಅದರ ಮೇಲೆ ದಪ್ಪಗೆ 10000001 ಎಂದು ಬರೆದಿತ್ತು.

"ಹಿಂದಿಂದ ಓದಿದ್ರೂ ಮುಂದಿಂದ ಓದಿದ್ರೂ ಒಂದೇ ರೀ ಅಕ್ಕಾರ. ಅವಿಭಾಜ್ಯನೂ ಹೌದು. ಹಾಸ್ಟೆಲ್‌ನ್ಯಾಗ ಎಲ್ಲಾರೂ ಒಂದೊಂದು ಸಂಖ್ಯೆ ಹಂಚ್ಕೊಂಡು ಭಾಗಿಸಿ ನೋಡೀವಿ. ಇವತ್ತು ಸಿಂಧನೂರಾಗ ಗಣಿತ ಪ್ರದರ್ಶನದಾಗ ತೋರಸಬೇಕು."

"ಹನ್ನೊಂದು ಯಾರ ಪಾಲಿಗೆ ಬಂದಿತ್ತು ತಂಗಿ?" ಎಂದೆ.

ಯಾರ ಪಾಲಿಗೂ ಬಂದಿರಲಿಲ್ಲ. ಮೊಬೈಲಿನಲ್ಲಿ ಭಾಗಿಸಿದಳು, ಶೇಷ ಉಳಿಯಲಿಲ್ಲ. ಇಂಥ ಸಂಖ್ಯೆಯಲ್ಲಿ ಅಂಕಿಗಳೆಲ್ಲ ಜೋಡಿಜೋಡಿಯಾಗಿದ್ದು ನಡುವೆ ಒಂಟಿ ಅಂಕಿ ಇಲ್ಲದಿದ್ದರೆ ಹನ್ನೊಂದು ಬಿಡುವುದೇ ಇಲ್ಲ ಎಂದು ವಿವರಿಸಿದೆ. ಅದರಿಂದ ಅವಳಿಗೆ ಸಮಾಧಾನವೇನೂ ಆಗಲಿಲ್ಲ.

ಮಸ್ಕಿಯಲ್ಲಿ ಒಬ್ಬ ಅಜ್ಜಿ ಹತ್ತಿದರು. "ಸ್ವಲ್ಪ ಸರೀರಿ ಯವ್ವಾ" ಎನ್ನುತ್ತ ಇಬ್ಬರ ಸೀಟಿನಲ್ಲಿ ನಮ್ಮ ನಡುವೆಯೇ ಕೂತುಬಿಟ್ಟರು. ಹುಡುಗಿ ಅಜ್ಜಿಯನ್ನು ಒಂದು ಗಳಿಗೆ ದಿಟ್ಟಿಸಿ, ಪೆನ್ನು ತೆಗೆದಳು. ಸೊನ್ನೆಗಳ ನಟ್ಟನಡುವೆ ಒಂದು ಹಾಕಿದಳು, ಆಗಲಿಲ್ಲ. ಎರಡೂ ಆಗಲಿಲ್ಲ. ಮೂರು ಹಾಕಿದಳು: 100030001. ಮೊಬೈಲೂ ಅವಿಭಾಜ್ಯವೆಂದು ಒಪ್ಪಿತು. ಅವಳ ಮುಖ ಅರಳಿತು.

"ಇಕ್ಕಟ್ಟಾತೇನವಾ? ಏಳಲೇನು?" ಅಜ್ಜಿ ಕೇಳಿದರು.

"ಬ್ಯಾಡ ಯಮ್ಮಾ, ಕೂಡ್ರಿ. ನೀವು ಎದ್ರ ಹನ್ನೊಂದು ಬರ್ತೈತಿ."

ಹನ್ನೊಂದು ಯಾರೆಂದು ಅಜ್ಜಿ ಕೇಳಲಿಲ್ಲ, ಇನ್ನಷ್ಟು ಭದ್ರವಾಗಿ ಕೂತರು. ಸಿಂಧನೂರಿನವರೆಗೂ ನನಗೆ ಉಳಿದದ್ದು ಅರ್ಧ ಸೀಟು.