ನಿಂಬೆಹಣ್ಣಿಗೂ ಜಾಗ ತೋರಿಸಿದ ಶಿವರಾಮ ಮೇಷ್ಟ್ರು

ಮೋಟಾರು ದುರಸ್ತಿಯನ್ನು ವಿದ್ಯೆ ಎಂದು ಕರೆಯಲು ನಮ್ಮಲ್ಲಿ ಅನೇಕರಿಗೆ ಇಂದಿಗೂ ಸಂಕೋಚವಿದೆ. ಗ್ರೀಸು, ಗದ್ದಲ, ಬೈಗುಳ ಇಷ್ಟೇ ಅದರ ಬಂಡವಾಳವೆಂದು ತಿಳಿದವರೇ ಹೆಚ್ಚು. ಭದ್ರಾವತಿಯ ಕೈಗಾರಿಕಾ ತರಬೇತಿ ಸಂಸ್ಥೆಯ ಮೋಟಾರು ವಿಭಾಗಕ್ಕೆ ಕಾಲಿಟ್ಟವರಿಂದ ಆ ಸಂಕೋಚವನ್ನು ಬಿಡಿಸಿ, ಯಂತ್ರದ ಮುಂದೆ ಮರ್ಯಾದೆಯಿಂದ ನಿಲ್ಲುವುದನ್ನು ಕಲಿಸಿದವರು ಶ್ರೀ ಶಿವರಾಮ ಅವರು. ಶಿವಮೊಗ್ಗ, ಭದ್ರಾವತಿಗಳ ಯಾವ ಗ್ಯಾರೇಜಿನ ಮುಂದೆ ನಿಂತು "ಮೇಷ್ಟ್ರು" ಎಂದರೂ ಯಾವ ಮೇಷ್ಟ್ರು ಎಂದು ಯಾರೂ ಕೇಳುವುದಿಲ್ಲ. ಅಂಥವರು ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ, ಅವರ ಶಿಷ್ಯೆಯಾದ ನನಗೂ ಈ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ಕೊಟ್ಟ ಅಭಿನಂದನ ಸಮಿತಿಗೆ ನಾನು ಋಣಿ. ಸಮಿತಿಯವರು ಸ್ವಲ್ಪ ಗಂಭೀರವಾಗಿ ಬರೆಯಿರಿ ಎಂದಿದ್ದಾರೆ. ಪ್ರಯತ್ನಿಸುತ್ತೇನೆ.

ಶ್ರೀಯುತರು ಸೇವೆಗೆ ಸೇರಿದ್ದು ಕಾರ್ಬ್ಯುರೇಟರಿನ ಕಾಲದಲ್ಲಿ. ಆಗ ಒಳ್ಳೆಯ ಕಿವಿ, ಒಳ್ಳೆಯ ಮೂಗು, ಒಂದು ಸ್ಕ್ರೂಡ್ರೈವರ್ ಇದ್ದವನೇ ಪಂಡಿತ. ಮುಂದೆ ಕಾರಿನ ಹೊಟ್ಟೆಯೊಳಗೆ ಕಂಪ್ಯೂಟರ್ ಬಂದು ಕುಳಿತಾಗ, "ಇದು ನಮ್ಮ ಕಾಲದ್ದಲ್ಲ ಬಿಡಿ" ಎಂದು ಕೈಚೆಲ್ಲಿದವರು ಬಹಳ. ಮೇಷ್ಟ್ರು ಮಾತ್ರ ಬೇಸಿಗೆ ರಜೆಯಲ್ಲಿ ತಮ್ಮ ಶಿಷ್ಯರಿಗಿಂತ ಕಿರಿಯರ ಜೊತೆ ತರಬೇತಿಯ ಬೆಂಚಿನ ಮೇಲೆ ಕುಳಿತು ಹೊಸ ವಿದ್ಯೆಯನ್ನು ಮೊದಲಿನಿಂದ ಕಲಿತು ಬಂದರು. ಕಲಿತದ್ದನ್ನು ಬಚ್ಚಿಡುವ ಬುದ್ಧಿ ಅವರಿಗೆ ಎಂದೂ ಇರಲಿಲ್ಲ. ಕಾರ್ಖಾನೆ ಬಡಾವಣೆಗಳಿಂದ ಬರುತ್ತಿದ್ದ ತಮಿಳು, ತೆಲುಗು ಮನೆಮಾತಿನ ಹುಡುಗರಿಗಾಗಿ ಒಂದೇ ಪಾಠವನ್ನು ಮೂರು ಭಾಷೆಗಳಲ್ಲಿ ಹೇಳುತ್ತಿದ್ದರು. ಮೂರರ ವ್ಯಾಕರಣವೂ ಅವರದೇ ಸ್ವಂತದ್ದಾಗಿತ್ತು, ಆದರೆ ಪಾಠ ಅರ್ಥವಾಗದವರು ಯಾರೂ ಇರಲಿಲ್ಲ.

ನಾನು ಆ ವಿಭಾಗಕ್ಕೆ ಸೇರಿದಾಗ ನಮ್ಮ ತಂಡದಲ್ಲಿ ಹುಡುಗಿ ಎಂದರೆ ನಾನೊಬ್ಬಳೇ. ನಮ್ಮ ತಂದೆ ಲಿಂಗಪ್ಪನವರು ಅರ್ಜಿ ಹಿಂದಕ್ಕೆ ಪಡೆಯೋಣವೆಂದು ಸಂಸ್ಥೆಯ ಬಾಗಿಲಲ್ಲೇ ಹಿಂದೆಮುಂದೆ ನೋಡುತ್ತಿದ್ದರು. ಮೇಷ್ಟ್ರು ಹೊರಗೆ ಬಂದು, "ನೋಡಿ ಯಜಮಾನ್ರೇ, ಎಂಜಿನ್ನಿಗೆ ಬಿಚ್ಚೋ ಕೈ ಗಂಡೋ ಹೆಣ್ಣೋ ಗೊತ್ತಾಗಲ್ಲ. ನೀವು ಧೈರ್ಯವಾಗಿ ಮನೆಗೆ ಹೋಗಿ" ಎಂದರು. ಗಂಡುಹುಡುಗರ ಅಳತೆಯ ಸಮವಸ್ತ್ರದೊಳಗೆ ನಾನು ಮುಳುಗಿಹೋಗುತ್ತಿದ್ದುದನ್ನು ಕಂಡು, ತಮ್ಮ ಪತ್ನಿ ಶ್ರೀಮತಿ ಸೌಂದರ್ಯ ಅವರಿಂದ ಅದನ್ನು ಬಿಚ್ಚಿ ಹೊಲಿಸಿಕೊಟ್ಟರು. ಆ ಉಪಕಾರವನ್ನು ಅವರು ಮರೆತಿರಬಹುದು, ನಾನು ಮರೆತಿಲ್ಲ.

ಪಾಠದಲ್ಲಿ ಅವರು ಸಹಿಸದೇ ಇದ್ದದ್ದು ಒಂದೇ: ಪರೀಕ್ಷಿಸದೆ ಬಿಡಿಭಾಗ ಬದಲಾಯಿಸುವುದು. ಯಾರಾದರೂ ಹಾಗೆ ಮಾಡಿದರೆ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯೇನೋ?" ಎನ್ನುತ್ತಿದ್ದರು. ಈ ಗಾದೆಯನ್ನು ಅವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಕೇಳಿದ್ದರಿಂದಲೇ ಎಲ್ಲವೂ ಬರುವಂತಿದ್ದರೆ ಮುಂದಿನ ಪ್ರಸಂಗ ನಡೆಯುತ್ತಲೇ ಇರಲಿಲ್ಲ.

ವಿನೋಬನಗರದಲ್ಲಿ ನಾನು ಸ್ವಂತ ಗ್ಯಾರೇಜು ತೆರೆದಾಗ, "ತನುಜಾ ಮೋಟಾರ್ಸ್" ಎಂಬ ಬೋರ್ಡನ್ನು ಏಣಿ ಹತ್ತಿ ತಮ್ಮ ಕೈಯಾರೆ ಕಟ್ಟಿದವರು ಮೇಷ್ಟ್ರೇ. ಮೊದಮೊದಲು ಬಂದವರೆಲ್ಲ ನನ್ನನ್ನು ನೋಡಿ, "ಮೆಕ್ಯಾನಿಕ್ ಇಲ್ವಾಮ್ಮ?" ಎಂದು ಕೇಳುತ್ತಿದ್ದರು. ಹಾಗೆ ಕೇಳದೆ ಕೀಲಿಕೈ ಕೊಟ್ಟ ಮೊದಲ ಗಿರಾಕಿ ಆಯನೂರಿನ ರೇಣುಕಾಪ್ರಸಾದ್, ಬಾಡಿಗೆ ಕಾರಿನ ಮಾಲೀಕರು. ಹೋದ ವರ್ಷ ಅವರ ಪೆಟ್ರೋಲ್ ಕಾರಿಗೆ ವಿಚಿತ್ರ ಕಾಯಿಲೆ ಹಿಡಿಯಿತು. ಕಪ್ಪು ಹೊಗೆ, ಪೆಟ್ರೋಲಿನ ವಾಸನೆ. ಎಂಜಿನ್ ಬಿಸಿಯಾದ ಮೇಲೆ ಒಮ್ಮೆ ಆಫ್ ಮಾಡಿದರೆ, ತಣ್ಣಗಾಗುವವರೆಗೆ ಜಪ್ಪಯ್ಯ ಎಂದರೂ ಸ್ಟಾರ್ಟ್ ಆಗುತ್ತಿರಲಿಲ್ಲ.

ಸ್ಕ್ಯಾನರ್ ಹಾಕಿ ನೋಡಿದೆ. ಮುಟ್ಟಿದರೆ ಕೈ ಸುಡುವ ಎಂಜಿನ್ನನ್ನು ಕಾರಿನ ಕಂಪ್ಯೂಟರ್ ಮಂಜುಗಡ್ಡೆ ಎಂದು ತಿಳಿದಿತ್ತು. ಎಂಜಿನ್ನಿನ ಸುತ್ತ ಹರಿಯುವ ಕೂಲೆಂಟಿನ ಬಿಸಿಯನ್ನು ಅಳೆದು ಕಂಪ್ಯೂಟರಿಗೆ ತಿಳಿಸಲು ಒಂದು ಪುಟ್ಟ ಸೆನ್ಸರ್ ಇರುತ್ತದೆ. ಆ ಸುದ್ದಿ ತಪ್ಪಾಗಿ ತಲುಪಿದರೆ, ಪಾಪ ಚಳಿಯಾಗಿದೆಯೆಂದು ಕಂಪ್ಯೂಟರ್ ಪೆಟ್ರೋಲು ಸುರಿಯುತ್ತಲೇ ಹೋಗುತ್ತದೆ. ಸೆನ್ಸರ್ ಬದಲಾಯಿಸಿದೆ, ಕಾರು ಸರಿಹೋಯಿತು. ಕೆಲವು ವಾರ ಬಿಟ್ಟು ಅದೇ ಕಾಯಿಲೆ ಮರಳಿತು. ಇನ್ನೂ ಒಳ್ಳೆಯ ಸೆನ್ಸರ್ ತರಿಸಿ ಹಾಕಿದೆ. ಮತ್ತೆ ಸರಿಹೋಯಿತು, ಮತ್ತೆ ಮರಳಿತು. ಮೂರನೆಯ ಸಲ ಕಾರನ್ನು ಬೇರೊಂದು ವಾಹನಕ್ಕೆ ಹಗ್ಗ ಕಟ್ಟಿ ಎಳೆದು ತಂದರು. ಪಕ್ಕದ ಆಟೋ ನಿಲ್ದಾಣದವರೆಲ್ಲ ಎದ್ದು ಬಂದು ನೋಡುತ್ತಿದ್ದರು. "ಹೆಂಗಸ್ರ ಕೈಗೆ ಕೊಟ್ರೆ ಇನ್ನೇನಾಗುತ್ತೆ ಮಾರಾಯ" ಎಂದು ಒಬ್ಬ ಅಂದದ್ದು ಕಿವಿಗೆ ಬಿತ್ತು. ನನಗೆ ರೇಗಿಹೋಯಿತು.

"ಇದೊಂದು ಸಲ ರಿಪೇರಿ ಮಾಡಿದ್ಮೇಲೂ ಈ ಕಾರು ಇದೇ ಕಾಯಿಲೆ ಹೊತ್ಕೊಂಡು ಬಂದ್ರೆ, ಆ ಬೋರ್ಡ್ ಇಳಿಸಿ ಗ್ಯಾರೇಜಿಗೆ ಬಾಗ್ಲು ಹಾಕ್ತೀನಿ!" ಎಂದು ಎಲ್ಲರೆದುರು ಕೂಗಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮಾತನ್ನು ನುಂಗುವ ಜಾತಿ ನನ್ನದಲ್ಲ, ಬೋರ್ಡು ಇಳಿಸುವ ಮನಸ್ಸೂ ಇರಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿದೆ.

ಭಾನುವಾರ ಬೆಳಿಗ್ಗೆ ಅವರು ಭದ್ರಾವತಿಯಿಂದ ತಮ್ಮ ಹಳೆಯ ಸ್ಕೂಟರಿನಲ್ಲಿ ಬಂದಿಳಿದರು. ಅಷ್ಟರಲ್ಲಿ ರೇಣುಕಾಪ್ರಸಾದರೂ ಅವರ ತಾಯಿ ಮಹಾಂತಮ್ಮನವರೂ ಬಂದಿದ್ದರು. ನನಗೆ ನಾಲ್ಕು ಮಾತು ಅನ್ನುವುದಕ್ಕೆಂದೇ ಮಹಾಂತಮ್ಮ ಬಂದಿದ್ದರೆಂದು ಅವರ ಮುಖವೇ ಹೇಳುತ್ತಿತ್ತು.

ಎಂಜಿನ್ ಬಿಸಿ ಮಾಡಿಸಿ, ಮೇಷ್ಟ್ರು ಸೆನ್ಸರಿಗೆ ವೈರು ಕೂಡಿಸುವ ಪ್ಲಗ್ ಕಳಚಿ, ಸೆನ್ಸರಿಗೆ ಮಲ್ಟಿಮೀಟರ್ ಹಿಡಿದರು. "ಸೆನ್ಸರ್ ಸರಿಯಾಗೇ ಇದೆ. ನೀನು ತೆಗೆದು ಬಿಸಾಕಿದ ಎರಡೂ ಸರಿಯಾಗೇ ಇದ್ವು ಕಣೆ" ಎಂದರು. ಗಾದೆ ಬರುತ್ತದೆಂದು ತಲೆ ತಗ್ಗಿಸಿದೆ, ಗಿರಾಕಿಯ ಮುಂದೆ ಅವರು ಅದನ್ನು ಹೇಳಲಿಲ್ಲ. ಆಮೇಲೆ ಪ್ಲಗ್ಗಿನ ಹಿಂಬದಿಯಿಂದ ಎರಡೂ ವೈರುಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿದರು. ಸ್ಕ್ಯಾನರಿನಲ್ಲಿ ಬಿಸಿ ತುದಿಗೆ ಏರಿತು. ಅಂದರೆ ವೈರೂ ಕಂಪ್ಯೂಟರೂ ಚೆನ್ನಾಗಿವೆ. ಅದೇ ತಂತಿಯನ್ನು ಪ್ಲಗ್ಗಿನ ಮುಂಬದಿಗೆ ಮುಟ್ಟಿಸಿದರೆ ಏನೂ ಅಲುಗಲಿಲ್ಲ. ರೋಗ ಪ್ಲಗ್ಗಿನ ಬಾಯಲ್ಲೇ ಇತ್ತು. ಬೆಳಕಿಗೆ ಹಿಡಿದರೆ ಒಳಗೆ ಹಸಿರು ಕಿಲುಬು, ಅಂಚಿನಲ್ಲಿ ಒಂದಿಷ್ಟು ಕೆಂಪು. ಮೇಲಿನ ವೈರಿನ ಕಟ್ಟಿಗೆ ಒಂದು ತುಂಡು ದಾರ ಅಂಟಿಕೊಂಡಿತ್ತು. ಹೊಸ ಸೆನ್ಸರ್ ಹಾಕುವಾಗ ಪ್ಲಗ್ ಎಳೆದು ಒತ್ತಿದ ಉಜ್ಜಾಟಕ್ಕೆ ಕಿಲುಬು ಸ್ವಲ್ಪ ಕೆರೆದುಹೋಗಿ ಕಾರು ಕೆಲವು ದಿನ ಓಡುತ್ತಿತ್ತು, ಅಷ್ಟೇ.

ಮೇಷ್ಟ್ರು ಕೆಂಪನ್ನು ಬೆರಳಲ್ಲಿ ತೀಡಿ ಮೂಸಿ ನೋಡಿದರು. "ರೇಣುಕಾಪ್ರಸಾದ್, ಈ ತೊಂದ್ರೆ ಯಾವಾಗ ಯಾವಾಗ ಶುರುವಾಗುತ್ತೆ?"

"ಅಮಾಸೆ ಕಳೆದ್ಮೇಲೆ ಸರ್. ಯಾರೋ ಏನೋ ಮಾಡ್ಸಿದಾರೆ ಅಂತಾಳೆ ನಮ್ಮವ್ವ."

"ಹೂಂ ಮತ್ತೆ!" ಎಂದರು ಮಹಾಂತಮ್ಮ. "ಅದಕ್ಕೇ ಅಮಾಸೆ ಅಮಾಸೆಗೂ ನಿಂಬೆಹಣ್ಣು ಹೆಚ್ಚಿ, ಕುಂಕುಮ ತುಂಬಿ ಕಟ್ತೀನಿ. ಮುಂದ್ಗಡೆ ಕಟ್ಟಿದ್ದನ್ನ ಸಂತೆ ದನ ತಿಂದು ಹೋದ್ವು, ಆವಾಗ್ಲಿಂದ ಬಾನೆಟ್ ಒಳಗೇ ಕಟ್ತಿದೀನಿ. ತೊಂದ್ರೆ ಜಾಸ್ತಿ ಆಯ್ತು ಅಂತ ಈಗ ಮೂರು ಕಟ್ತೀನಿ."

"ನಾನು ಒಂದು ದಿನಾನೂ ನೋಡ್ಲಿಲ್ವಲ್ಲಮ್ಮ?" ಎಂದೆ.

"ಗ್ಯಾರೇಜಿನೋರ ಎಣ್ಣೆಗೈ ತಾಗಬಾರ್ದು ಅಂತ ಇಲ್ಲಿಗೆ ಬರೋವಾಗೆಲ್ಲ ಬಿಚ್ಚಿಟ್ಟು ಬರ್ತೀವಲ್ಲವ್ವ!"

ಎಂಜಿನ್ನಿನ ಬಿಸಿಗೆ ಬೆಂದ ನಿಂಬೆಯ ಹುಳಿರಸ ತೊಟ್ಟಿಕ್ಕಿ ಪ್ಲಗ್ಗಿನೊಳಗೆ ಇಳಿಯುತ್ತಿತ್ತು. ಕಾಯಿಲೆ ಹೆಚ್ಚಿದಂತೆ ಹಣ್ಣು ಹೆಚ್ಚಿತು, ಹಣ್ಣು ಹೆಚ್ಚಿದಂತೆ ಕಾಯಿಲೆ ಹೆಚ್ಚಿತು. ನನಗೆ ನಗು ಉಕ್ಕಿ ಬಂತು. ಮೇಷ್ಟ್ರು ಕಣ್ಣಲ್ಲೇ ಗದರಿದರು. ಆ ತಾಯಿ ಮಗನ ಕ್ಷೇಮಕ್ಕಾಗಿ ಮಾಡಿದ್ದನ್ನು ಅವರು ನಗೆಪಾಟಲು ಮಾಡಲಿಲ್ಲ, ಮೂಢನಂಬಿಕೆಯ ಮೇಲೆ ಭಾಷಣವನ್ನೂ ಬಿಗಿಯಲಿಲ್ಲ. "ಅಮ್ಮಾ, ದೃಷ್ಟಿ ಬೀಳೋದು ಹೊರಗಿಂದ ಅಲ್ವಾ? ಹಣ್ಣೂ ಹೊರಗಡೆನೇ ಕಾವಲಿರ್ಲಿ" ಎಂದರು.

ಮಹಾಂತಮ್ಮ, "ಅದೂ ನಿಜಾನೇ. ದನಕ್ಕೇನು ಮಾಡ್ಲಿ ಮೇಷ್ಟ್ರೇ?" ಎಂದರು.

ಮೇಷ್ಟ್ರು ಗ್ಯಾರೇಜಿನಲ್ಲಿದ್ದ ಜಾಲರಿಯ ತುಂಡನ್ನು ಕತ್ತರಿಸಿ, ಬಗ್ಗಿಸಿ, ದನದ ನಾಲಿಗೆಗೆ ಎಟುಕದ ಪುಟ್ಟ ಗೂಡು ಮಾಡಿ ಬಂಪರಿನ ಕೆಳಗೆ ಕೂರಿಸಿದರು. ನಾನು ಹೊಸ ಪ್ಲಗ್ ಜೋಡಿಸಿದೆ. ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಬಿಸಿಯಾದ ಮೇಲೆ ಆಫ್ ಮಾಡಿ ಮತ್ತೆ ತಿರುಗಿಸಿದರೂ ಅಷ್ಟೇ ಸಲೀಸು.

ಆದರೂ ಮುಂದಿನ ಅಮಾವಾಸ್ಯೆ ಬಾಕಿಯಿತ್ತು. ಅದು ಬಂತು, ಹೋಯಿತು. ಅದರ ಮುಂದಿನದೂ ಹೋಯಿತು. ಆಮೇಲೊಂದು ದಿನ ದೂರದಿಂದಲೇ ಹಾರನ್ ಬಾರಿಸುತ್ತ ಆ ಕಾರು ಬರುವುದನ್ನು ಕಂಡು ನನ್ನ ಕಣ್ಣು ತಾನಾಗಿ ಬೋರ್ಡಿನತ್ತ ಹೋಯಿತು. ಕಾರಿನ ಹಿಂದೆ ಆಯನೂರಿನ ಇನ್ನೂ ಎರಡು ಬಾಡಿಗೆ ಕಾರುಗಳಿದ್ದವು. ರೇಣುಕಾಪ್ರಸಾದ್ ಇಳಿದವರೇ ಆಟೋ ನಿಲ್ದಾಣಕ್ಕೆಲ್ಲ ಕೇಳುವಂತೆ, "ಮೇಡಂ, ನಮ್ಮ ಸ್ಟ್ಯಾಂಡಿನ ಗಾಡಿಗಳೆಲ್ಲ ಇನ್ಮೇಲೆ ಇಲ್ಲಿಗೇ. ಬೋರ್ಡ್ ಇಳಿಸೋದಲ್ಲ, ಇನ್ನೂ ದೊಡ್ಡದು ಹಾಕ್ಸಿ!" ಎಂದು ಕೂಗಿದರು. ಹಾಕಿಸಿದೆ. ಈಗ ಅದು ಆಟೋ ನಿಲ್ದಾಣದಿಂದಲೂ ಚೆನ್ನಾಗಿ ಕಾಣುತ್ತದೆ, ಹಾಗೆ ಕಾಣಲೆಂದೇ ಅಲ್ಲಿ ಕಟ್ಟಿಸಿದ್ದೇನೆ. ಕಟ್ಟಲು ಏಣಿ ಹತ್ತಿದವರು ಈ ಸಲವೂ ಮೇಷ್ಟ್ರೇ.

ಪೂಜ್ಯ ಗುರುಗಳು ನೂರ್ಕಾಲ ಆರೋಗ್ಯದಿಂದ ಬಾಳಲಿ, ಸೌಂದರ್ಯಮ್ಮನವರೊಂದಿಗೆ ನೆಮ್ಮದಿಯಿಂದಿರಲಿ, ಆದರೆ ಸುಮ್ಮನೆ ಮಾತ್ರ ಕೂರದಿರಲಿ ಎಂಬುದು ಶಿಷ್ಯರೆಲ್ಲರ ಹಾರೈಕೆ. ವಾರಕ್ಕೊಮ್ಮೆ ನನ್ನ ಗ್ಯಾರೇಜಿನಲ್ಲಿ ಪಾಠ ಮಾಡಲು ಅವರು ಒಪ್ಪಿದ್ದಾರೆ. ಈ ಸುದ್ದಿ ಕೇಳಿದ ಮಹಾಂತಮ್ಮ ಮೊನ್ನೆ ಆಯನೂರಿನಿಂದ ಬಸ್ಸು ಹತ್ತಿ ಬಂದು, "ಇಷ್ಟು ಒಳ್ಳೆ ಮನುಷ್ಯನಿಗೆ ದೃಷ್ಟಿ ಆಗ್ದೇ ಇರುತ್ತಾ?" ಎಂದು ಮೇಷ್ಟ್ರ ಸ್ಕೂಟರಿಗೆ ಒಂದು ನಿಂಬೆಹಣ್ಣು ಕಟ್ಟಿ ಹೋದರು. ಹತ್ತಿರದಲ್ಲಿ ಯಾವ ವೈರೂ ಇಲ್ಲವೆಂದು ನಾನು ಪರೀಕ್ಷಿಸಿದ್ದೇನೆ.