ಕುಡಿಯದವನ ಲಿವರ್

ಬೆಳಿಗ್ಗೆ ಶಿವಮೊಗ್ಗದ ವಿದ್ಯಾನಗರದ ಮನೆ ಬಿಟ್ಟಾಗ ಕಾಫಿಯೂ ಕುಡಿದಿರಲಿಲ್ಲ. ಭದ್ರಾವತಿಯಿಂದ ತಮ್ಮ ಮುರುಗೇಶನ ಹೆಂಡತಿ ಫೋನ್ ಮಾಡಿ, "ಅಕ್ಕಾ, ಇವ್ರ ಕಣ್ಣು ಪೂರ್ತಿ ಹಳದಿ ಆಗಿದೆ" ಎಂದಿದ್ದಳು. ಹೆಂಗಸರಿಗೆ ಪುಕ್ಕಟೆಯಾದ ಸರ್ಕಾರಿ ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ಹೊರಟು ನಿಂತಿದ್ದ ಖಾಸಗಿ ಬಸ್ಸನ್ನೇ ಹತ್ತಿದೆ. ಇಪ್ಪತ್ತು ಕಿಲೋಮೀಟರ್ ದಾರಿ. ಕೈ ತೋರಿಸಿದವರಿಗೆಲ್ಲ ನಿಲ್ಲಿಸುತ್ತಿದ್ದ ಕಂಡಕ್ಟರನ ಜತೆ ಎರಡು ಸಲ ಜಗಳವಾಡಿದೆ.

ನಮ್ಮಜ್ಜ ತಮಿಳುನಾಡಿನಿಂದ ಭದ್ರಾವತಿಯ ಕಾರ್ಖಾನೆ ಕೆಲಸಕ್ಕೆ ಬಂದವರು. ನಾನು ಟೀಚರ್ ಆಗಿ ಶಿವಮೊಗ್ಗ ಸೇರಿದೆ, ಮುರುಗೇಶ ಅಲ್ಲಿನ ಕಾಗದನಗರದ ಆಚೆ, ಎಲ್ಲರೂ 'ಲೈನು' ಅನ್ನುವ ಸಾಲುಮನೆಯಲ್ಲೇ ಉಳಿದ. ಇಬ್ಬರ ರಕ್ತದಲ್ಲೂ ಅಮ್ಮನಿಂದ ಬಂದ ಹೆಪಟೈಟಿಸ್ ಬಿ ವೈರಸ್ ಇದೆ. ನನಗೆ ಬೀದಿಯ ತಿರುವಿನಲ್ಲೇ ಲ್ಯಾಬು, ಆರು ತಿಂಗಳಿಗೊಮ್ಮೆ ಸ್ಕ್ಯಾನು. ಲಿವರಿನಲ್ಲಿ ಕಡಲೆಕಾಳಿನಷ್ಟು ಕ್ಯಾನ್ಸರ್ ಗಂಟು ಕಂಡಾಗಲೇ ತೆಗೆದರು. ಅವನಿಗೋ, ಸ್ಕ್ಯಾನ್ ಅಂದರೆ ಒಂದು ದಿನದ ಗಾರೆ ಕೆಲಸ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಆ ಸಾಲಿನಲ್ಲಿ ಲಿವರ್ ಕೆಟ್ಟವನೆಂದರೆ ಕುಡುಕ.

ಆಟೋ ಇಳಿದಾಗ ಅವನು ಕಟ್ಟೆಯ ಮೇಲೆ ಕೂತು ಯಾರೋ ಕೊಟ್ಟ ಎಲೆರಸ ಕುಡಿಯುತ್ತಿದ್ದ. ಊಟಕ್ಕೆ ಉಪ್ಪಿಲ್ಲದ ಗಂಜಿಯ ಪಥ್ಯ.

"ಸ್ಕ್ಯಾನ್ ಮಾಡಿಸ್ಕೋ ಅಂತ ಎಷ್ಟು ಸಲ ಬಡ್ಕೊಂಡೆ ನಿಂಗೆ?"

"ಹೋಗಿದ್ದೆ ಅಕ್ಕಾ, ಹೋದ ವರ್ಷ. ಯಾವ ಲೈನು, ಮನೇಲಿ ತಮಿಳಾ ಅಂದ್ರು ಡಾಕ್ಟ್ರು. ಹೂಂ ಅಂದೆ. ಮೊದ್ಲು ಕುಡಿಯೋದು ಬಿಡು ಹೋಗು ಅಂದ್ಬಿಟ್ರು. ಮತ್ತೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಬ್ರಾಂದಿ ವಾಸನೆಗೇ ವಾಂತಿ ಮಾಡಿಕೊಳ್ಳುವವನು! "ಏಳೋ ಮಾರಾಯ" ಎಂದು ಎಳೆದುಕೊಂಡೇ ಹೊರಟೆ.

ಶಿವಮೊಗ್ಗದಲ್ಲಿ ನನ್ನ ಡಾಕ್ಟರೇ ನೋಡಿದರು. ಸ್ಕ್ಯಾನಿನಲ್ಲಿ ಕಂಡ ಗಂಟು ಮೋಸಂಬಿಯಷ್ಟಿತ್ತು. "ಆಪರೇಷನ್ ಮಾಡೋ ಕಾಲ ದಾಟಿದೆ. ಔಷಧಿ ಶುರು ಮಾಡೋಣ" ಎಂದರು. ಹೊರಗೆ ಹೋಟೆಲಿನಲ್ಲಿ ತರಿಸಿದ ಇಡ್ಲಿಯನ್ನು ಇಬ್ಬರೂ ಮುಟ್ಟಲಿಲ್ಲ. ಮುರುಗೇಶ ಕೇಳಿದ್ದು ಒಂದೇ: "ಅಕ್ಕಾ, ಇದು ಕುಡಿದು ಬಂದಿದ್ದಲ್ಲ ಅಂತ ನಮ್ಮ ಲೈನಲ್ಲಿ ಒಂದ್ಸಲ ಹೇಳ್ತೀಯಾ?"

ಸಂಜೆ ಅವನ ಜತೆಯಲ್ಲೇ ಮತ್ತೆ ಭದ್ರಾವತಿಗೆ ಹೋದೆ. ನಲ್ಲಿಯ ಹತ್ತಿರ ಹೆಂಗಸರು ಬಿಂದಿಗೆ ಇಟ್ಟುಕೊಂಡು ನಿಂತಿದ್ದರು. ಕ್ಲಾಸಿನಲ್ಲಿ ಕೂಗುವ ಗಂಟಲಿನಲ್ಲೇ ಕೂಗಿದೆ: "ಕೇಳ್ರಮ್ಮಾ! ನನ್ನ ತಮ್ಮ ಕುಡುಕ ಅಲ್ಲ. ಈ ಕಾಯಿಲೆ ನಮ್ಮಮ್ಮನಿಂದ ಬಂದಿದ್ದು, ನಂಗೂ ಇದೆ. ನೀವೂ ರಕ್ತ ಟೆಸ್ಟ್ ಮಾಡಿಸ್ಕೊಳ್ಳಿ."

ಮುರುಗೇಶ ತಲೆಯೆತ್ತಿಕೊಂಡು ಮನೆಗೆ ನಡೆದ.

ನಾನು ವಾಪಸು ಆಟೋ ಹತ್ತಿ ಕೂತಾಗ ಒಬ್ಬಳು ಬಿಂದಿಗೆ ಬಿಟ್ಟು ಓಡಿ ಬಂದಳು. ಹಿಂದೆಮುಂದೆ ನೋಡಿ ಮೆಲ್ಲಗೆ ಹೇಳಿದಳು, "ಅಕ್ಕಾ, ನಮ್ಮನೆಯವ್ರೂ ಕುಡಿಯಲ್ಲ. ಅವ್ರ ಕಣ್ಣೂ ಹಳದಿ."

ನಾನು ಆಟೋದಿಂದ ಇಳಿದೆ.